ಅಮ್ಮನ ಎದೆಯ ಟಿಕ್ ಟಿಕ್

"ಆಸ್ಪತ್ರೆಯವರಿಗಿಂತ ಚೆನ್ನಾಗಿ ಅಮ್ಮನನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ!" ಎಂದು ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಅಮ್ಮನ ಹೃದಯದ ಕವಾಟ ಕೆಟ್ಟಿತ್ತು. ಎದೆಯನ್ನು ಪೂರ್ತಿ ತೆರೆಯದೆ, ಪಕ್ಕೆಲುಬುಗಳ ನಡುವೆ ಸಣ್ಣ ಗಾಯ ಮಾಡಿ ಲೋಹದ ಕವಾಟ ಕೂರಿಸಿದ್ದರು. "ಸದ್ದಿಲ್ಲದ ಕೋಣೆಯಲ್ಲಿ ಟಿಕ್ ಟಿಕ್ ಅಂತ ಕೇಳಿಸುತ್ತೆ, ಹೆದರಬೇಡಿ" ಎಂದಿದ್ದರು ಡಾಕ್ಟರು.

ಕೇಳಿಸಿದರೆ ಸರಿ, ಕೇಳಿಸದಿದ್ದರೆ? ಎರಡು ನಿಮಿಷಕ್ಕೊಮ್ಮೆ ಹೋಗಿ ಅಮ್ಮನ ಎದೆಗೆ ಕಿವಿಯಿಟ್ಟೆ.

"ಒಂದಿಷ್ಟು ಓಡಾಡ್ಲೇನೇ?"

"ಅಲುಗಾಡಿದ್ರೆ ನೋಡು!"

ಅಮ್ಮ ಮನೆಗೆ ಬಂದ ಮೂರನೆಯ ದಿನ, ನನ್ನ ಕಂದನ ಅಳು ಬೇರೆ ಕೋಣೆಗೂ ಕೇಳಿಸಲೆಂದು ತಂದಿದ್ದ ಬೇಬಿ ಮಾನಿಟರನ್ನು ಅಮ್ಮನ ಹಾಸಿಗೆಯ ಪಕ್ಕ ಇಟ್ಟು, ಅದರ ಜೋಡಿಯನ್ನು ಅಡುಗೆಮನೆಗೆ ತಂದುಕೊಂಡೆ. "ನಿದ್ದೆ ಮಾಡ್ತೀನಿ, ಒಳಗೆ ಬರಬೇಡ" ಎಂದು ಅಮ್ಮ ಬಾಗಿಲು ಮುಂದೆ ಮಾಡಿಕೊಂಡಳು. ಮಧ್ಯಾಹ್ನ. ಕಂದ ಹಾಲು ಕುಡಿದು ಮಲಗಿತ್ತು. ಮನೆಯೆಲ್ಲ ಗಪ್‌ಚುಪ್. ಮಾನಿಟರಿನಲ್ಲಿ ಮಾತ್ರ ಟಿಕ್... ಟಿಕ್...

ಎಣಿಸಿದೆ. ನಿಮಿಷಕ್ಕೆ ಅರವತ್ತು. ಕಾಲು ಗಂಟೆ ಬಿಟ್ಟು ಎಣಿಸಿದೆ, ಅರವತ್ತು. ಮತ್ತೆ ಅರವತ್ತು! ಗಂಡನಿಗೆ ಫೋನು ಹಚ್ಚಿದೆ.

"ರೀ, ಒಂದೂ ಆಚೀಚೆ ಇಲ್ಲ! ಎಲ್ಲಾ ನನ್ನ ಆರೈಕೆ!"

"ಒಂದೂ ಇಲ್ವಾ? ಮನುಷ್ಯರಿಗೆ ಹಾಗಿರುತ್ತೇನೇ?"

ಹೌದಲ್ಲ! ಕೆಮ್ಮಿಲ್ಲ, ಉಸಿರಿಲ್ಲ, ಮಗ್ಗುಲು ಬದಲಿಸಿದ ಸದ್ದೂ ಇಲ್ಲ. ಅಮ್ಮ ಹೊರಟುಹೋಗಿ, ಕವಾಟ ಮಾತ್ರ ಕೆಲಸ ಮಾಡುತ್ತಿದೆಯೇ?

ಓಡಿ ಬಾಗಿಲು ತಳ್ಳಿದೆ. ಪರದೆ ಎಳೆದ ಕೋಣೆ. ತಲೆವರೆಗೂ ಹೊದಿಕೆ.

"ಅಮ್ಮಾ?"

ಟಿಕ್.

"ಅಮ್ಮಾ!"

ಟಿಕ್.

ಹೊದಿಕೆಯ ಮೇಲೇ ಕಿವಿಯಿಟ್ಟೆ. ಎದೆ ಇರಬೇಕಾದ ಜಾಗ ಮೆತ್ತಗೆ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಟಿಕ್ ಮಾತ್ರ ನಿಲ್ಲಲಿಲ್ಲ!

ನಾನು ಕಿರುಚಿದ್ದಕ್ಕೆ ಕಂದ ಎದ್ದು ಅತ್ತಿತು. ಅಷ್ಟರಲ್ಲಿ ಕೋಣೆಯ ಹಿಂಬಾಗಿಲಿನಿಂದ ಅಮ್ಮ ಬಂದಳು. ಕಾಲಲ್ಲಿ ಚಪ್ಪಲಿ, ಮುಖದಲ್ಲಿ ಬಿಸಿಲಿನ ಕೆಂಪು.

"ಬೀದಿ ತುದಿವರೆಗೂ ಹೋಗಿ ಬಂದೆ ಕಣೇ. ಡಾಕ್ಟ್ರು ದಿನಾ ನಡೀರಿ ಅಂದಿದ್ರು, ನೀನೆಲ್ಲಿ ಬಿಟ್ಟೆ?"

ಅಪ್ಪಿಕೊಂಡು, ಗಾಯಕ್ಕೆ ತಾಗದಂತೆ ಕಿವಿಯಿಟ್ಟು ಎಣಿಸಿದೆ. ಎಂಬತ್ತನಾಲ್ಕು! ನಡೆದ ಎದೆ, ನಗುತ್ತಿದ್ದ ಎದೆ. ಅಮ್ಮ ಹೊದಿಕೆ ಸರಿಸಿ, ದಿಂಬುಗಳ ನಡುವಿನಿಂದ ಬಟ್ಟೆ ಸುತ್ತಿದ ಹಳೇ ಅಲಾರಂ ಗಡಿಯಾರ ತೆಗೆದಳು.

"ಇದಕ್ಕೆ ನಾನು ಮೋಸ ಹೋಗ್ತೀನಿ ಅಂತ ಹೇಗಮ್ಮಾ ಗೊತ್ತಿತ್ತು?"

"ಗೊತ್ತಿಲ್ದೆ ಏನು? ನೀನು ತೊಟ್ಟಿಲಲ್ಲಿದ್ದಾಗ ಇದನ್ನೇ ನಿನ್ನ ಪಕ್ಕ ಇಟ್ಟು ನಾನು ಕೆಲಸಕ್ಕೆ ಏಳ್ತಿದ್ದೆ. ನೀನು ಅಮ್ಮನ ಎದೆ ಅಂದ್ಕೊಂಡು ತೆಪ್ಪಗೆ ಮಲಗ್ತಿದ್ದೆ, ಪೆದ್ದೀ!"