ಖಡಕ್ ರೊಟ್ಟಿ ಮತ್ತ ಜಪಾನದ ಭೂಕಂಪ

ನಾ ಸುಮ್ಮನ ಕುಂತರೂ ಮಜಾ ಸಂಗತಿಗಳು ನನ್ನ ಹುಡಿಕ್ಕೊಂಡು ಬರ್ತಾವ. ಆಲಮೇಲಕ್ಕ ಬಸ್ ಹತ್ತಿದ್ರೂ ಅಷ್ಟ, ಜಪಾನಕ್ಕ ವಿಮಾನ ಹತ್ತಿದ್ರೂ ಅಷ್ಟ. ಬ್ಯಾರೆಯವರಿಗೆ ಯಾಕ ಹಿಂಗ ಆಗಂಗಿಲ್ಲ ಅಂದ್ರ, ಅವರು ನನ್ನಷ್ಟು ಹುಷಾರ್ ಇಲ್ಲ.

ನಾ ಯಂಕಂಚಿಯಾಂವ. ಸಾಲಿ ಮೆಟ್ಟಲಾ ತುಳದಿಲ್ಲ, ಕುಸ್ತಿ ಕಣ ಮಾತ್ರ ಸವದು ಹೋಗೂವಷ್ಟು ತುಳದೇನಿ. ಮೊಮ್ಮಗಳು ಬಾಗೇವಾಡ್ಯಾಗ ಟೀಚರ್. ಜಪಾನ್ ನೋಡಬೇಕಂತ ಪಗಾರ ಉಳಿಸಿ ಇಟ್ಟಿದ್ದಳು. ಜೋಡಿ ಹೋಗೂ ಗೆಳತಿಗೆ ನಡುವ ಮದುವಿ ಗೊತ್ತಾತು.

"ಅಜ್ಜಾ, ನೀ ಬರ್ತಿ?" ಅಂದಳು.

"ಜಪಾನದ ನಶೀಬ ತೆರೀತು ತಗೋ" ಅಂದ್ನಿ.

ನಮ್ಮೂರ ಚಾದಂಗಡಿ ಮುಂದ ಬೇವಿನ ಗಿಡ, ಗಿಡದ ಬುಡಕ ಒಂದು ಕಟ್ಟಿ. ಅದರ ಮ್ಯಾಲ ಕುಂತು ಕತಿ ಹೇಳಲಿಲ್ಲಂದ್ರ ನನಗ ಉಂಡದ್ದು ಕರಗಂಗಿಲ್ಲ. ಅಲ್ಲೇ ಕೂಡೂ ರಿಟೈರ್ ಕಂಡಕ್ಟರಗ ನನ್ನ ಕತಿ ಅಂದ್ರ ಹೊಟ್ಟಿಯುರಿ.

"ಇಲ್ಲೇ ಇದ್ದು ಇಷ್ಟು ಸುಳ್ಳ ಬಿಡ್ತಿ, ಜಪಾನಕ್ಕ ಹೋಗಿ ಬಂದ್ರ ನಾವು ಉಳೀತೇವೇನು?" ಅಂದ. "ಒಂದು ಕರಾರ ಮಾಡೂಣು. ಅಲ್ಲೀ ಮಂದಿಗೆ ನಮ್ಮ ಖಡಕ್ ರೊಟ್ಟಿ ತಿನಿಸು, ಫೋಟೋ ತಾ. ತಂದ್ರ ಕಟ್ಟಿ ನಿಂದು, ನಾ ನೆಲಕ್ಕ ಕುಂತು ಕೇಳ್ತೇನಿ. ಇಲ್ಲಂದ್ರ ಎಳ್ಳಮಾಸಿ ಹಬ್ಬದ ತನಕ ನೀ ಒಂದು ಕತಿನೂ ಹೇಳಂಗಿಲ್ಲ."

ನಾ ಇನ್ನಾ ವಿಚಾರ ಮಾಡಾಕತ್ತಿದ್ನಿ. ಬಾಯಿ ಮಾತ್ರ "ಆತು" ಅಂದುಬಿಡ್ತು. ನನ್ನ ಬಾಯಿ ಯಾವಾಗಲೂ ನನ್ನಕಿಂತ ಮುಂದ ಇರ್ತೈತಿ.

ರುಮಾಲು

ಜಪಾನದಾಗ ನಾವು ಇಳಕೊಂಡಿದ್ದು ಕಮ್ಮಿ ರೊಕ್ಕದಾಗ ಪ್ರವಾಸದವರು ಮಲಗೂ ಹಾಸ್ಟೆಲ್‌ನ್ಯಾಗ. ಕೋಣಿ ಇಲ್ಲ, ಗ್ವಾಡಿಗುಂಟ ಕಟಿಗಿ ಪೆಟ್ಟಿಗಿ. ಒಂದರ ಮ್ಯಾಲ ಒಂದು, ಪಾರಿವಾಳದ ಗೂಡಿನಂಗ. ಪೆಟ್ಟಿಗಿಗೊಬ್ಬ ಮನಶ್ಯಾ, ಬಾಯಿಗೊಂದು ಪರದೆ. ಹೆಣ್ಣಮಕ್ಕಳದು ಮ್ಯಾಲಿನ ಮಾಳಿಗಿ, ಗಂಡಸರದು ಕೆಳಗ.

ಎಲ್ಲಾ ಪರದೆ ಒಂದ ಬಣ್ಣ. ಗುರುತು ಇರಲಿ ಅಂತ ನನ್ನ ಪೆಟ್ಟಿಗಿಗೆ ತಲಿ ರುಮಾಲು ಇಳಿಬಿಟ್ಟು ಹೊರಗ ಹೋದ್ನಿ. ಬಂದು ನೋಡಿದ್ರ ಹಾಸ್ಟೆಲ್ ನೋಡಿಕೊಳ್ಳೂ ಹುಡುಗಿ ಅದನ್ನ ಮಡಚಿ ಮಡಚಿ ಹೋಳಿಗಿಯಷ್ಟು ಮಾಡಿ ದಿಂಬಿನ ಮ್ಯಾಲ ಇಟ್ಟಾಳ! ನಮ್ಮನ್ಯಾಕಿ ಇಷ್ಟು ವರ್ಷದಾಗ ಒಮ್ಮೆರ ಹಂಗ ಮಡಚಿಲ್ಲ.

ನಾ ಅದನ್ನ ಝಾಡಿಸಿ, ಕಣ್ಣ ಪಿಳುಕಿಸೂದ್ರಾಗ ತಲಿಗೆ ಸುತ್ತಿ ತೋರಿಸಿದ್ನಿ. ಹುಡುಗಿ ಚಪ್ಪಾಳಿ ಹೊಡದಳು. ಇದ ಟೈಮ್ ಅಂತ ಊರಿಂದ ಕಟಗೊಂಡು ಬಂದಿದ್ದ ರೊಟ್ಟಿ ಮುಂದ ಹಿಡದ್ನಿ. ಬಾಗಿ ನಮಸ್ಕಾರ ಮಾಡಿ ಹೋದಳು. ಇನ್ನೊಬ್ಬಗ ಹಿಡದ್ನಿ, ಅಂವನೂ ಬಾಗಿದ. ನಾನೂ ಬಾಗಿದ್ನಿ. ಅಂವ ಮತ್ತ ಬಾಗಿದ. ನಡ ನೋವು ಬಂತು, ರೊಟ್ಟಿ ಮಾತ್ರ ಹಂಗ ಉಳೀತು.

ಬೆನ್ನು

ಅಲ್ಲಿ ಝಳಕಾನೂ ಎಲ್ಲಾರೂ ಕೂಡೆ. ಸಣ್ಣ ಕಟಿಗಿ ಮಣಿ ಮ್ಯಾಲ ಕುಂತು ಮೈ ತಿಕ್ಕೊಂಡು, ಆಮ್ಯಾಲ ಬಿಸಿನೀರಿನ ಹೊಂಡಕ್ಕ ಇಳೀಬೇಕು. ಬಾಜೂ ಮಣಿ ಮ್ಯಾಲ ನನ್ನ ವಾರಿಗೆಯ ಒಬ್ಬ ಜಪಾನಿ ಮುದುಕ. ಪಾಪ, ಬೆನ್ನಿಗೆ ಕೈ ಎಟಕವಲ್ದು. ನೋಡಿಕೋತ ಕೂಡೂ ಜಾತಿ ಅಲ್ಲ ನಂದು. ಮೈ ತಿಕ್ಕೂ ವಸ್ತ್ರ ಕಸಗೊಂಡು, ಕುಸ್ತಿ ತಾಲೀಮ್ಯಾಗ ತಿಕ್ಕತಿದ್ವಲ್ಲ, ಹಂಗ ಎತ್ತು ತೊಳದಂಗ ತಿಕ್ಕಿದ್ನಿ. ಮುದುಕ "ಹಾ! ಹೀ!" ಅಂತ ರಾಗಾ ತಗದ.

ಮುಗಿದ ಮ್ಯಾಲ ನನ್ನ ಭುಜಾ ಹಿಡದು ತಿರುಗಿಸಿ, ಈಗ ನನ್ನ ಪಾಳಿ ಅಂದಂಗ ವಸ್ತ್ರ ತಗೊಂಡ. ತೊಗರಿ ಕಟಿಗಿಯಂಥಾ ಮನಶ್ಯಾ, ಏನು ಮಾಡ್ಯಾನು ಅಂದ್ಕೊಂಡಿದ್ನಿ. ಆದರ ಅವಂದು ಕೈ ಅಲ್ಲೋ ಯಪ್ಪಾ, ಬಡಗ್ಯಾನ ಉಜ್ಜುಗೊರಡು! ಹುಟ್ಟಿದಾಗಿಂದ ಹತ್ತಿದ ಎರಿಮಣ್ಣು ಅವತ್ತ ಬಿಡ್ತು. ಆ ಊರ ಮೋರ್ಯಾಗ ಈಗ ಬಿಳಿಜ್ವಾಳಾ ತೆನಿ ಹಿಡದಿದ್ರ, ಅದು ನನ್ನ ಬೆನ್ನಿನ ಬೆಳಿ.

ಭೂಕಂಪ

ಊರಿಗೆ ಹೊಂಡೂ ದಿನ ಬಂತು. ರೊಟ್ಟಿ ಗಂಟು ಹಂಗ ಐತಿ, ಒಬ್ಬರೂ ಮುಟ್ಟಿಲ್ಲ. ಎಳ್ಳಮಾಸಿ ತನಕ ಮೂಕ ಆದ್ನಿ ಅಂತ ಪೆಟ್ಟಿಗ್ಯಾಗ ಕುಂತು ಚಿಂತಿ ಮಾಡಿದ್ನಿ. ಚಿಂತಿ ಮಾಡಿದ್ರ ನನಗ ಹಸಿವು ಜಾಸ್ತಿ. ಬೆಳಗಿನ ಹೊತ್ತು, ಎಲ್ಲಾ ಪೆಟ್ಟಿಗಿ ಗಪ್‌ಚುಪ್. ಒಂದು ರೊಟ್ಟಿ ತಗದು ಮುರದ್ನಿ. ಕಟಕ್! ಬಾಯಾಗ ಹಾಕಿದ್ನಿ. ಕರ್ರ್... ಕರ್ರ್... ಕಟಿಗಿ ಪೆಟ್ಟಿಗಿ ಡೊಳ್ಳಿನಂಗ ದನಿ ಎಬ್ಬಿಸ್ತು.

ಕೆಳಗಿನ ಪೆಟ್ಟಿಗ್ಯಾಂವ ಧಡಕ್ಕನ ಎದ್ದ. ಬಾಜೂದಾಂವ ಬೂಟ ಹುಡುಕಾಕತ್ತಿದ. ಹಾಸ್ಟೆಲ್ ಹುಡುಗಿ ಓಡಿ ಬಂದು ಗ್ವಾಡಿಗೆ ಕಿವಿ ಹಚ್ಚಿದಳು. ಮ್ಯಾಲಿಂದ ಮೊಮ್ಮಗಳೂ ಇಳದು ಬಂದಳು: "ಅಜ್ಜಾ, ಹೊರಗ ಬಾ! ಭೂಕಂಪ ಅಂತ!"

ನಾನೂ ಗಾಬರಿಯಾಗಿ ಪೆಟ್ಟಿಗ್ಯಾಗಿಂದ ಹೊರಗ ಬಿದ್ನಿ. ಎಲ್ಲಾರೂ ತಲಿ ಎತ್ತಿ ಛತ್ತು ನೋಡಾಕತ್ತಿದ್ರು, ನಾನೂ ನೋಡಿದ್ನಿ. ಸಪ್ಪಳಿಲ್ಲ. ಭೂಕಂಪ ನಿಂತೈತಿ. ಸಮಾಧಾನ ಆತಂತ ಬಾಯಾಗಿನ ರೊಟ್ಟಿ ಜಗದ್ನಿ. ಕರ್ರ್!

ಎಲ್ಲಾ ಮುಖ ಛತ್ತು ಬಿಟ್ಟು ನನ್ನ ಬಾಯಿ ಕಡೆ ತಿರುಗಿದ್ವು.

ಮೊಮ್ಮಗಳು ಮಾರಿ ಮುಚ್ಚಿಕೊಂಡಳು. ಝಳಕದ ಮುದುಕ ಮುಂದ ಬಂದು ನನ್ನ ದವಡಿಗೆ ಕಿವಿ ಹಚ್ಚಿ ಕೇಳಿದ. ಮೊದಲು ಅಂವ ನಕ್ಕ, ಆಮ್ಯಾಲ ಎಲ್ಲಾರೂ. ಮುದುಕ ಕೈ ಚಾಚಿದ. ಅರ್ಧಾ ರೊಟ್ಟಿ ಮುರದು, ಖಾರದ ಶೇಂಗಾ ಹಿಂಡಿ ಚಟ್ನಿ ಹಚ್ಚಿ ಕೊಟ್ಟ್ನಿ. ಕರ್ರ್! ನನಗೊಂದು, ನನಗೊಂದು ಅಂತ ಸಾಲು ಹಚ್ಚಿ ತಿಂದ್ರು ನೋಡ್ರಿ, ನಿಜವಾದ ಭೂಕಂಪ ಆಗಿದ್ರೂ ಅವತ್ತ ಯಾರಿಗೂ ಗೊತ್ತಾಗ್ತಿರಲಿಲ್ಲ.

ಫೋಟೋ

ಬೇವಿನ ಗಿಡದ ಬುಡಕ ಊರೆಲ್ಲಾ ಕೂಡಿತ್ತು. ಮೊಮ್ಮಗಳು ಅವತ್ತ ಮೊಬೈಲ್‌ನ್ಯಾಗ ತಗದಿದ್ದ ಫೋಟೋ ತೋರಿಸಿದಳು. ಕಂಡಕ್ಟರ್ ಮೂಗಿಗೆ ಚಾಳೀಸ ಏರಿಸಿ, ಹರದ ನೋಟು ನೋಡಿದಂಗ ಹಿಂದ ಮುಂದ ನೋಡಿದ.

"ಎಲ್ಲಿ ತಿಂದಾರಲೇ? ಎಲ್ಲಾರೂ ಬಾಯಿಗೆ ಕೈ ಅಡ್ಡ ಹಿಡದಾರ! ರೊಟ್ಟಿ ಒಂದೂ ಕಾಣವಲ್ದು!"

"ಅಲ್ಲಿ ಮಂದಿ ನಗೂವಾಗ, ಜಗಿಯೂವಾಗ ಬಾಯಿಗೆ ಕೈ ಹಿಡೀತಾರ್ರಿ" ಅಂದಳು ಮೊಮ್ಮಗಳು.

"ನೀ ಸುಮ್ಮನಿರವ್ವಾ. ನೀ ಅವನ ಮನಿ ಸಾಕ್ಷಿ, ನಡಿಯಂಗಿಲ್ಲ."

ನನಗ ಖರೆ ಹೇಳಿ ಅಭ್ಯಾಸ ಇಲ್ಲಲ್ಲ, ಖರೆ ಹೆಂಗ ನಂಬಸಬೇಕು ಅನ್ನೂದು ಗೊತ್ತಾಗಲಿಲ್ಲ. ಮಂದಿ ನಗಾಕತ್ತಿದ್ರು. ಅದನ್ನ ನೋಡಿ ಕಂಡಕ್ಟರಗ ಹುರುಪು ಏರಿತು.

"ನೋಡ್ರಪ್ಪಾ, ಫೋಟೋದಾಗ ಈ ಮುದುಕನ ಕಣ್ಣಾಗ ನೀರು! ಈ ಹುಡುಗಿ ಮಾರಿ ಕೆಂಪಗಾಗೇತಿ! ನಿನ್ನ ಹಿಂಡಿ ರೊಟ್ಟಿ ತಿಂದು ಖಾರ ನೆತ್ತಿಗೇರಿ ಸಾಯಾಕತ್ತಾರಲೋ ಪಾಪ!"

"ಏನು ತಿಂದು?" ಅಂದ್ನಿ.

"ರೊಟ್ಟಿ!"

"ಯಾರ ರೊಟ್ಟಿ?"

"ನಿಂದಽ ರೊ..." ಅಂದಾಂವ, ತನ್ನ ಬಾಯಿಗೆ ತಾನಽ ಕೈ ಅಡ್ಡ ಹಿಡದ. ಥೇಟ್ ಜಪಾನದವರಂಗ.

ಊರ ಮಂದಿ ಸಿಳ್ಳಿ ಹೊಡೀತು. ಕಂಡಕ್ಟರ್ ಧೋತರ ಝಾಡಿಸಿ ನೆಲಕ್ಕ ಕುಂತ. ನಾ ಕಟ್ಟಿ ಏರಿ, ಮೀಸಿ ತಿರುವಿ, ಒಂದು ಚಾ ಹೇಳಿದ್ನಿ.

"ಹೂಂ, ಹೇಳು ಮತ್ತ" ಅಂದ ಕೆಳಗಿಂದ. "ಜಪಾನದಾಗ ಏನೇನಾತು?"

"ಏನಿಲ್ಲಪಾ" ಅಂದ್ನಿ. "ನಾ ವಿಮಾನ ಇಳಿಯೂದ್ರಾಗ ಅಲ್ಲೀ ಪೈಲವಾನರೆಲ್ಲಾ ಓಡಿ ಬಂದು ಕಾಲಿಗೆ ಬಿದ್ರು..."