ನಾಲ್ಕನೇ ಇಯತ್ತೆಯ ಸ್ವಾತಂತ್ರ್ಯ ಸಮರ

ಸ್ವಾತಂತ್ರ್ಯ ಸಮರದ ಪಾಠಕ್ಕೆ ನಾನು ಸಾಲಿಯ ಟೀವಿಯಲ್ಲಿ ಪಿಚ್ಚರ್ ಹಚ್ಚಿದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಗಡಿಯಾಚೆ ದರಿಬಡಚಿ ಕಡೆಯ ಕನ್ನಡ ಸಾಲಿ ನಮ್ಮದು; ಇಲ್ಲಿ ತರಗತಿಗೆ ಇಯತ್ತೆ ಎನ್ನುತ್ತಾರೆ. ಮಕ್ಕಳಲ್ಲಿ ಅರ್ಧ ಜನ ಕುರಿ ಕಾಯುವವರ ಮನೆಯವರು. ಉಳಿದವರ ಅಪ್ಪ-ಅವ್ವ ಹಂಗಾಮು ಬಂದರೆ ಕಬ್ಬು ಕಡಿಯಲು ಹೋಗುವವರು. ಪುಸ್ತಕ ತೆಗೆದರೆ ನಿದ್ದೆ ಮಾಡುತ್ತಾರೆಂದು ಕಾರ್ಟೂನ್ ಕಥೆಗಳನ್ನು ತಂದೆ. ನಿದ್ದೆ ಹೋಯಿತು, ನನ್ನದು.

೧. ಏಳದ ಸಿಪಾಯಿ

ಮೊದಲ ದಿನ ಇಂಗ್ರೇಜರ ತೋಪು ಹಾರಿ ನಮ್ಮ ಕಡೆಯ ಸಿಪಾಯಿ ನೆಲಕ್ಕೆ ಬಿದ್ದ. ಮಕ್ಕಳು ಹೋ ಎಂದು ನಕ್ಕರು. ಅವರು ನೋಡಿದ ಕಾರ್ಟೂನಿನಲ್ಲಿ ಬೆಕ್ಕಿನ ಮೇಲೆ ಬಂಡೆ ಬಿದ್ದರೂ ಅದು ಎದ್ದು ಓಡುತ್ತದೆ. ಸಿಪಾಯಿ ಏಳಲಿಲ್ಲ. ಅವನ ಸುತ್ತ ರಕ್ತ ಹರಡಿತು. ನಗು ನಿಂತಿತು.

ಮುಂದೆ ಕೂತ ಹುಡುಗಿ ಕೇಳಿದಳು: "ಗುರುಜಿ, ಅವ ಯಾಕ ಏಳವಲ್ಲ?"

"ಸತ್ತಾನವಾ."

"ಇಲ್ರಿ, ನಿಮ್ಮ ನೆಟ್ ಹೋಗೇತಿ."

೨. ಹಗ್ಗ

ಮುಂದಿನ ಕಥೆಯಲ್ಲಿ ವೀರನನ್ನು ಹಗ್ಗದಿಂದ ಬಿಗಿದು ಸೆರೆಮನೆಗೆ ಎಳೆದೊಯ್ದರು. "ಕಟ್ಟಿ ಹಾಕಿದವರನ್ನ ಬಿಡಸೂದ ಸ್ವಾತಂತ್ರ್ಯ" ಎಂದು ನಾನು ಎದೆಯುಬ್ಬಿಸಿ ಹೇಳಿದೆ.

ಮರುದಿನ ಒಬ್ಬ ಹುಡುಗನ ಅಜ್ಜಿ ಸಾಲಿಗೇ ಬಂದಳು. ಮೊಮ್ಮಗ ಮನೆಯ ಟಗರಿನ ಹಗ್ಗ ಬಿಚ್ಚಿ ಬಿಟ್ಟಿದ್ದ. ಟಗರು ಗುಡ್ಡ ಹತ್ತಿತ್ತು. ಬೆಳಿಗ್ಗೆ ಸಿಕ್ಕಿದ್ದು ಬರೀ ಕೊಂಬು ಮತ್ತು ತುಪ್ಪಳ.

"ಸಿಟ್ಟಾಗಬ್ಯಾಡ ಆಯಿ. ಹುಡುಗ್ರಿಗಿ ಸ್ವಾತಂತ್ರ್ಯ ಅಂದ್ರೇನು ಅಂತ ತಿಳಿಸಾಕ ಹೋಗಿದ್ದೆ."

"ಇವಗ ಚಲೋ ತಿಳದೈತ್ರಿ ಗುರುಜಿ. ಇನ್ನ ಗುಡ್ಡದಾಗಿನ ತ್ವಾಳಕ್ಕೂ ಒಂದೀಟ ತಿಳಿಸ್ರಿ."

೩. ಹಿಂದಕ್ಕೆ

ಕೊನೆಯ ಕಥೆಯಲ್ಲಿ ವೀರನಿಗೆ ಫಾಶಿ. ತಾಯಿ ಬಡಿಸಿದ ರೊಟ್ಟಿ ಮುರಿಯುತ್ತಿದ್ದವನನ್ನು ಸೈನಿಕರು ಎಳೆದೊಯ್ದು ನೇಣುಗಂಬಕ್ಕೆ ಹಾಕಿದರು. ಕಿಟಕಿಯ ಹತ್ತಿರ ಒಬ್ಬಳು ಎದ್ದು ನಿಂತಳು. ಆ ಹಂಗಾಮಿನಲ್ಲೇ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ಅವಳ ಅಪ್ಪ ತೀರಿಕೊಂಡಿದ್ದ. ಆವತ್ತಿನಿಂದ ಸಾಲಿಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ.

"ಗುರುಜಿ, ಹಿಂದಕ್ಕ ಓಡಸ್ರಿ."

ಓಡಿಸಿದೆ. ವೀರ ನೇಣುಗಂಬದಿಂದ ಇಳಿದ. ಸೈನಿಕರು ಹಿಮ್ಮುಖವಾಗಿ ನಡೆಯುತ್ತ ಅವನನ್ನು ಮನೆಗೆ ತಂದು ಬಿಟ್ಟು ಹೋದರು. ಮುರಿದ ರೊಟ್ಟಿ ಅವನ ಕೈಯಲ್ಲಿ ಇಡಿಯಾಯಿತು. ಎಲ್ಲರೂ ಚಪ್ಪಾಳೆ ಹೊಡೆದರು.

"ಇಲ್ಲೇ ಬಂದ್ ಮಾಡ್ರಿ" ಎಂದಳು. ಮಾಡಿದೆ. ಮತ್ತೆ ಮುಂದಕ್ಕೆ ಓಡಿಸಲು ನನ್ನ ಕೈ ಬರಲಿಲ್ಲ.

ಕೆಲವು ದಿನ ಕಳೆದು ಸಾಲಿ ತಪಾಸಣೆಗೆ ಸಾಹೇಬರು ಬಂದರು. ಗೋಡೆಯ ಮೇಲಿದ್ದ ಅದೇ ವೀರನ ಚಿತ್ರ ತೋರಿಸಿ, "ಇವಂದು ಕಡೀಕ ಏನಾತು?" ಎಂದು ಕೇಳಿದರು.

ಅವಳೇ ಎದ್ದಳು. "ಮನಿಗಿ ಬಂದಾನ್ರಿ."

ಸಾಹೇಬರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

"ಮನಿಗಿ ಬಂದ್ರ, ಮತ್ತ ಸ್ವಾತಂತ್ರ್ಯ ಯಾರು ತರಬೇಕವಾ?"

"ಬ್ಯಾರೆ ಯಾರನರೆ ಕಳಸ್ರಿ ಸಾಹೇಬ್ರ. ಅವ ಊಟಕ್ಕ ಕುಂತಾನ."