ರೊಟ್ಟಿಯ ಆನೆ ಮತ್ತು ಹತ್ತು ಗಂಟೆಯ ಬಿಸಿಲು

ಸಭೆಯಲ್ಲಿ ಕೈ ಎತ್ತುವುದು ಒಳ್ಳೆಯ ಅಭ್ಯಾಸವಲ್ಲ. ಇಷ್ಟು ವರ್ಷ ಅಂಗನವಾಡಿ ನಡೆಸಿದ ಮೇಲಾದರೂ ನನಗಿದು ತಿಳಿಯಬೇಕಿತ್ತು. ಬಾಗೇವಾಡಿಯ ಸಭೆಯಲ್ಲಿ ನಾನು ಕೈ ಎತ್ತಿದ್ದು, ಇಂಗಳೇಶ್ವರದ ಬಸ್ಸಿಗೆ ಹೊತ್ತಾಯಿತು, ಹೋಗಲೇ ಎಂದು ಕೇಳುವುದಕ್ಕೆ. ಅದೇ ಗಳಿಗೆಗೆ ಸೂಪರ್‌ವೈಸರ್ ಮೇಡಂ, ಮಕ್ಕಳಿಂದ ಗೊಂಬೆ ಮಾಡಿಸಿ ನೆರಳಿನಾಟ ತೋರಿಸುವವರು ಯಾರು ಎಂದು ಕೇಳಿದ್ದರು. ನನ್ನ ಹೆಸರು ಬರೆದುಕೊಂಡರು. ಬಸ್ಸೂ ಹೋಗಿತ್ತು.

ಮೊದಲು ಮಾಡಿಸಿದ ರಟ್ಟಿನ ಗೊಂಬೆಗಳ ಸೊಂಡಿಲು, ಬಾಲಗಳೆಲ್ಲ ಮಕ್ಕಳ ಕೈಬೆವರಿಗೆ ಎರಡೇ ದಿನದಲ್ಲಿ ಜೋತುಬಿದ್ದವು. ಆಗ ನನಗೆ ಹೊಳೆದದ್ದು, ತಿಂಗಳಿಟ್ಟರೂ ಬಾಗದ ನಮ್ಮ ಕಟಕ ರೊಟ್ಟಿ. ಜೋಳದ ಹಿಟ್ಟು ನಾದಿ ಕೊಟ್ಟೆ. ಮಕ್ಕಳು ಆನೆ, ಕೋಳಿ, ಎತ್ತು ತಟ್ಟಿ, ಕಸಬರಿಗೆ ಕಡ್ಡಿಯಿಂದ ಕಣ್ಣು ಚುಚ್ಚಿದರು. ಸಹಾಯಕಿ ಶಾಂತಕ್ಕ ಅವನ್ನು ಹಂಚಿನ ಮೇಲೆ ಗರಿಗರಿಯಾಗಿ ಸುಟ್ಟಳು. ಮೂಡಣ ಬಾಗಿಲಿಗೆ ನಮ್ಮ ಯಜಮಾನರ ಧೋತರ ಇಳಿಬಿಟ್ಟು, ಮಕ್ಕಳನ್ನು ಒಳಗೆ ಕತ್ತಲಲ್ಲಿ ಕೂರಿಸಿ, ನಾನು ಹೊರಗೆ ಬಿಸಿಲಲ್ಲಿ ಆನೆ ಹಿಡಿದೆ. ಧೋತರದ ಮೇಲೆ ಕಪ್ಪು ಆನೆ ನಿಂತಿತು. ಚುಚ್ಚಿದ ತೂತಿನಲ್ಲಿ ಬಿಸಿಲೇ ಕಣ್ಣಾಗಿ ಹೊಳೆಯಿತು. ಪೂರಾ ಒಂದು ನಿಮಿಷ ಯಾರೂ ಅಳಲಿಲ್ಲ. ನಮ್ಮಲ್ಲಿ ಅದು ದೊಡ್ಡ ಸಂಗತಿ.

ಆ ಬಾಗಿಲಲ್ಲಿ ಬಿಸಿಲು ಇರುವುದು ಹತ್ತು ಗಂಟೆಯವರೆಗೆ ಮಾತ್ರ. ಮರುದಿನ ಆಟ ನೋಡಲು ಒಂಬತ್ತಕ್ಕೆ ಬರುತ್ತೇನೆ ಅಂದಿದ್ದ ಮೇಡಂ, ಹತ್ತಕ್ಕೆ ಐದು ನಿಮಿಷ ಇರುವಾಗ ಸ್ಕೂಟಿ ನಿಲ್ಲಿಸಿದರು. ಅಲ್ಲಿಯವರೆಗೆ ಗದ್ದಲ ಮಾಡದಿರಲಿ ಎಂದು ಗೊಂಬೆಗಳನ್ನು ಮಕ್ಕಳ ಕೈಗೇ ಕೊಟ್ಟಿದ್ದ ಜಾಣೆ ನಾನು.

“ಆನಿ ಎಲ್ಲೈತಿ ಭಾಗ್ಯಾ?”

ನಾಲ್ಕು ವರ್ಷದ ಭಾಗ್ಯ ಬಾಯಿ ಒರೆಸಿಕೊಂಡಳು. “ಮೊದಲ ಬಾಲ ಅಷ್ಟ ತಿಂದಿದ್ನಿರಿ ಟೀಚರ್.”

“ಆಮ್ಯಾಲೆ?”

“ಬಾಲ ಇಲ್ಲದ ಆನಿ ಚೊಲೊ ಕಾಣಲಿಲ್ರಿ.”

ಉಳಿದವರ ಕೋಳಿ, ಎತ್ತುಗಳೂ ಅದೇ ದಾರಿ ಹಿಡಿದಿದ್ದವು. “ಪುಣ್ಯಾಕ್ಕ ಚಟ್ನಿ ಕೊಟ್ಟಿದ್ದಿಲ್ರಿ ಅಕ್ಕಾರ,” ಎಂದಳು ಶಾಂತಕ್ಕ, “ಕೊಟ್ಟಿದ್ರ ಧೋತರನೂ ಉಳೀತಿದ್ದಿಲ್ಲ.”

ಮೇಡಂ ಒಳಗೆ ಮಕ್ಕಳ ನಡುವೆ ಕೂತುಬಿಟ್ಟಿದ್ದರು. ನಾನು ಹೊರಗೆ ಧೋತರದ ಆಚೆ ಹೋಗಿ, ಏನೂ ತೋಚದೆ, ಒಂದಾದರೂ ತುಂಡು ಬಿದ್ದಿದೆಯೇ ಎಂದು ಬಗ್ಗಿ ಹುಡುಕಿದೆ. ಸೆರಗು ಮುಂದಕ್ಕೆ ಜೋತುಬಿತ್ತು. ಒಳಗಿಂದ ಒಂದೇ ಕೂಗು: “ಆನಿ ಬಂತು, ಆನಿ ಬಂತು.”

“ಆನಿ ಅಲ್ಲೋ, ನಮ್ಮ ಟೀಚರ್ ಅದು,” ಇದು ಭಾಗ್ಯಳ ದನಿ.

“ಸೊಂಡಿ ಐತಲ್ಲ ಮತ್ತ?”

ಸೊಂಟ ಹಿಡಿದುಕೊಂಡು ನೆಟ್ಟಗಾದೆ. ಮೇಡಂ ನಗುತ್ತಿದ್ದದ್ದು ಕೇಳಿಸಿತು. “ಭಾಳ ಚೊಲೊ ಆತ್ರಿ. ಮುಂದಿನ ಸಭೆದಾಗ ಎಲ್ಲಾರ ಮುಂದ ಇದನ್ನ ಮಾಡಿ ತೋರಸ್ತೀರೇನ್ರಿ?”

ಬಿಸಿಲಿಗೆ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲೆಂದು ಕೈ ಎತ್ತಿದೆ. ಧೋತರದ ಮೇಲೆ ನನ್ನ ನೆರಳೂ ಚೊಕ್ಕವಾಗಿ ಕೈ ಎತ್ತಿತು.

ಒಳಗೆ ಮೇಡಂ ಬರೆದುಕೊಂಡರು.